ಋತುವೂ ತೂಕವೂ

ಸಂಸ್ಕೃತದಲ್ಲಿ ‘ಋತು’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ವಸಂತ, ಗ್ರೀಷ್ಮ ಮೊದಲಾದ ಆರು ಕಾಲಗಳು ಮೊದಲನೆಯ ಅರ್ಥ. ಸ್ತ್ರೀಯರ ಮಾಸಿಕ ಧರ್ಮವೂ ಅದನ್ನು ಅನುಸರಿಸಿ ಬರುವ ಕಾಲವೂ ಎರಡನೆಯದು. ವರ್ಷಕ್ಕೆ ಕಾಲಗಳಿರುವಂತೆ ಸ್ತ್ರೀಯ ದೇಹಕ್ಕೂ ತಿಂಗಳು ತಿಂಗಳು ಕಾಲಗಳುಂಟು ಎಂಬ ತಿಳಿವು ಈ ಒಂದೇ ಶಬ್ದದಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಆಷಾಢ ಶ್ರಾವಣಗಳಲ್ಲಿ ಹೊಳೆ ಏರುವುದನ್ನೂ ಚೈತ್ರ ವೈಶಾಖಗಳಲ್ಲಿ ಇಳಿಯುವುದನ್ನೂ ಕಂಡು ಯಾರೂ ಬೆರಗಾಗುವುದಿಲ್ಲ. ಅದು ಕಾಲಧರ್ಮವೆಂದು ತಿಳಿದು ನಮ್ಮ ಕೆಲಸ ನಾವು ನೋಡಿಕೊಳ್ಳುತ್ತೇವೆ. ಆದರೆ ಈ ವಿವೇಕವು ದೇಹದ ವಿಷಯ ಬಂದಾಗ ನಮ್ಮನ್ನು ಬಿಟ್ಟು ಹೋಗುತ್ತದೆ. ಹಿಂದೆ ತಕ್ಕಡಿಯೆಂಬುದು ದಿನಸಿ ಅಂಗಡಿಯಲ್ಲಿಯೂ ಅಕ್ಕಸಾಲಿಯ ಬಳಿಯಲ್ಲಿಯೂ ಇರುತ್ತಿದ್ದ ವಸ್ತು. ಈಗ ಮಂಚದ ಕೆಳಗೋ ಬಚ್ಚಲುಮನೆಯ ಬಾಗಿಲಲ್ಲೋ ಗಾಜಿನ ಹಲಗೆಯಂಥ ತೂಕದ ಯಂತ್ರವೊಂದು ಅನೇಕರ ಮನೆಯಲ್ಲಿ ಬಂದು ಕುಳಿತಿದೆ. ಬೆಳಗಾಗೆದ್ದು ಅದರ ಮೇಲೆ ನಿಂತು, ಅದು ತೋರಿಸುವ ಅಂಕಿಯಿಂದ ಆ ದಿನದ ಸುಖದುಃಖಗಳನ್ನು ನಿಶ್ಚಯಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ.

ಅರವತ್ತರ ಸಮೀಪದಲ್ಲಿರುವ ಗಂಡಸೊಬ್ಬನು, ಅದರಲ್ಲಿಯೂ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ಉಪಾಧ್ಯಾಯನು, ಇಂಥ ವಿಷಯವನ್ನು ಕುರಿತು ಬರೆಯುವುದು ಔಚಿತ್ಯವೇ ಎಂದು ಕೆಲವರು ಕೇಳಬಹುದು. ಔಚಿತ್ಯವೆಂದೇ ನನ್ನ ಉತ್ತರ. ನಮ್ಮ ಪ್ರಾಚೀನ ವೈದ್ಯರಿಗೆ ಈ ಸಂಕೋಚವಿರಲಿಲ್ಲ. ಸ್ತ್ರೀಯರಿಗೆ ಸುಮಾರು ೧೨ನೆಯ ವಯಸ್ಸಿನಲ್ಲಿ ರಜಸ್ಸು ಪ್ರಾರಂಭವಾಗಿ ೫೦ನೆಯ ವಯಸ್ಸಿನಲ್ಲಿ ನಿಲ್ಲುವುದೆಂದು ಸುಶ್ರುತನು ಶಾರೀರಸ್ಥಾನದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಶಾಸ್ತ್ರಕಾರರಿಗಿಲ್ಲದ ನಾಚಿಕೆಯು ನಮ್ಮ ಮನೆಗಳಲ್ಲಿ ಮಾತ್ರ ಬೆಳೆಯಿತು. ‘ಹೊರಗಾಗಿದ್ದಾಳೆ’ ಎಂದು ಹೆಂಗಸರು ತಗ್ಗಿದ ದನಿಯಲ್ಲಿ ಹೇಳುವರು. ಗಂಡಸರು ಕೇಳಿಸದವರಂತೆ ಪತ್ರಿಕೆಯ ಹಾಳೆ ತಿರುವುವರು. ಹೆಣ್ಣುಮಕ್ಕಳು ತಮ್ಮ ಆರೋಗ್ಯಕ್ಕಾಗಿ ಕೈಕೊಂಡ ಒಂದು ಸತ್ಕಾರ್ಯವು ಈ ಮೌನದಿಂದ ಹೇಗೆ ಅರ್ಧದಲ್ಲಿಯೇ ಮುರಿದುಬೀಳುವುದೆಂಬುದನ್ನು ನಾನು ಸಮೀಪದಿಂದ ಕಂಡಿದ್ದೇನೆ.

ನನ್ನ ಎರಡನೆಯ ಮಗಳಿಗೆ ಈಗ ಮೂವತ್ತಮೂರು ವರ್ಷ. ಅವಳ ಗಂಡನಿಗೆ ನಮ್ಮ ಊರಿನಲ್ಲಿಯೇ ಕೆಲಸವಾದ್ದರಿಂದ ನಮ್ಮ ಮನೆಗೂ ಅವರ ಮನೆಗೂ ಎರಡು ಬೀದಿಗಳ ಅಂತರವಷ್ಟೇ. ಎರಡನೆಯ ಮಗು ಗರ್ಭದಲ್ಲಿದ್ದಾಗ ಅವಳ ರಕ್ತದಲ್ಲಿ ಸಕ್ಕರೆಯ ಅಂಶ ಏರಿ, ಹೆರಿಗೆಯ ಮೇಲೆ ಇಳಿದಿತ್ತು. ಹಾಗೆ ಏರಿದ್ದವರಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚಾಗಿರುವುದರಿಂದ ದೇಹದ ಭಾರವನ್ನು ಏಳೆಂಟು ಕಿಲೋಗ್ರಾಂ ತಗ್ಗಿಸಿಕೊಳ್ಳತಕ್ಕದ್ದೆಂದು ವೈದ್ಯರು ಹೇಳಿದರು. ಆದುದರಿಂದ ಅವಳ ಪ್ರಯತ್ನವು ರೂಪದ ಹಂಬಲದಿಂದ ಹುಟ್ಟಿದುದಲ್ಲ. ಇಬ್ಬರು ಸಣ್ಣ ಮಕ್ಕಳ ತಾಯಿ ತನ್ನ ಮುಂದಿನ ಮೂವತ್ತು ವರ್ಷಗಳನ್ನು ಕಾಪಾಡಿಕೊಳ್ಳುವುದಕ್ಕಾಗಿ ಮಾಡಿದುದು. ಒಮ್ಮೆ ಪ್ರಾರಂಭಿಸಿ ನಾಲ್ಕನೆಯ ವಾರಕ್ಕೆ ಬಿಟ್ಟಿದ್ದಳು. ಮರುವರ್ಷ ಪುನಃ ತೊಡಗಿ, ಪುನಃ ನಾಲ್ಕನೆಯ ವಾರಕ್ಕೇ ಬಿಡುವ ಸ್ಥಿತಿಗೆ ಬಂದಳು. ಆ ವಾರದಲ್ಲಿ ಅವಳು ಎರಡು ರಾತ್ರಿ ಊಟ ಮಾಡದೆ, ಮೂರನೆಯ ದಿನ ಒಲೆಯ ಮುಂದೆ ತಲೆಸುತ್ತಿ ಕುಳಿತುಬಿಟ್ಟಳು. ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ೯.೮ ಇತ್ತು, ಅವಳ ವಯಸ್ಸಿನ ಸ್ತ್ರೀಗೆ ಅದು ೧೨ಕ್ಕೆ ಕಡಿಮೆಯಿರಕೂಡದು.

“ಅಪ್ಪಾ, ಇಪ್ಪತ್ತೊಂದು ದಿವಸ ಸಕ್ಕರೆಯಿಲ್ಲದ ಕಾಫಿ ಕುಡಿದೆ. ಅನ್ನವನ್ನು ಅರ್ಧ ಮಾಡಿದೆ. ದಿನವೂ ಒಂದು ಗಂಟೆ ನಡೆದೆ. ಕೊನೆಗೆ ಅರ್ಧ ಕಿಲೋ ಹೆಚ್ಚಾಗಿದ್ದೇನೆ. ಇನ್ನು ಯಾವ ಸುಖಕ್ಕೆ ಇದೆಲ್ಲ?” ಎಂದು ಕೇಳಿದಳು. ಅವಳ ಗಂಡನೂ, ಸ್ವಭಾವತಃ ಒಳ್ಳೆಯವನೇ, “ಈ ವಾರ ಏರಿತಲ್ಲ, ಯಾರಿಗೂ ಕಾಣದಂತೆ ಏನು ತಿಂದೆ?” ಎಂದು ನಗೆಯಾಡಿದ್ದನು. ನಗೆಯೇನೋ ನಿಜ, ಆದರೆ ಹಸಿದ ಹೊಟ್ಟೆಯವರಿಗೆ ಇಂಥ ನಗೆ ಮುಳ್ಳಿನಂತೆ ಚುಚ್ಚುವುದು.

ಮಗಳು ವಾರಕ್ಕೊಮ್ಮೆ ತೂಕ ನೋಡಿ ಬರೆದಿಟ್ಟಿದ್ದ ಪುಸ್ತಕವನ್ನು ತರಿಸಿದೆನು. ಅವಳ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ತಿಂಗಳಿಗೊಂದು ಕೆಂಪು ಚುಕ್ಕೆಯೂ ಇದ್ದಿತು. ಅದನ್ನೂ ಪುಸ್ತಕವನ್ನೂ ಎದುರೆದುರಿಗೆ ಇಟ್ಟು ನೋಡಿದವಳು ನನ್ನ ಪತ್ನಿ. “ನೋಡಿ, ಅಂಕಿ ಏರಿರುವ ದಿವಸವೇ ಚುಕ್ಕೆಯೂ ಇದೆ. ಹೋದ ವರ್ಷ ಇವಳು ಬಿಟ್ಟದ್ದೂ ಅಂಥ ದಿವಸವೇ” ಎಂದಳು. ಮುಟ್ಟಾದ ದಿನವನ್ನು ೧ನೆಯ ದಿನವೆಂದು ಎಣಿಸಿದರೆ ಮಗಳ ಲೆಕ್ಕ ಹೀಗಿತ್ತು: ೮ನೆಯ ದಿನ ೭೧.೬ ಕಿಲೋ, ೧೫ನೆಯ ದಿನ ೭೧.೩, ೨೨ನೆಯ ದಿನ ೭೧.೪, ಮುಂದಿನ ಮುಟ್ಟಿನ ೧ನೆಯ ದಿನ ೭೨.೧. ಮೂರು ವಾರಗಳ ತಪಸ್ಸಿಗೆ ಅರ್ಧ ಕಿಲೋ ಏರಿಕೆಯೇ ಫಲವೆಂದು ಅವಳು ಕಂಡುದು ಈ ಅಂಕಿಗಳಲ್ಲಿ. ಒಂದು ವಾರ ತಾಳಿಕೊಂಡಿರೆಂದು ನಾವಿಬ್ಬರೂ ಹೇಳಿದೆವು. ಮುಂದಿನ ೮ನೆಯ ದಿನ ತೂಗಿದಾಗ ೭೦.೭ ಬಂದಿತು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ತೂಕದ ಯಂತ್ರವು ನಮ್ಮ ಕೊಬ್ಬನ್ನು ಮಾತ್ರ ಬೇರೆಮಾಡಿ ತೂಗುವುದಿಲ್ಲ. ಎಲುಬು, ಮಾಂಸ, ರಕ್ತ, ಕರುಳಿನಲ್ಲಿರುವ ಆಹಾರ, ಎಲ್ಲವನ್ನೂ ಒಟ್ಟಾಗಿ ತೂಗುತ್ತದೆ; ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರು. ಸ್ತ್ರೀಯ ದೇಹದಲ್ಲಿ ಅಂಡವು ಹೊರಬಿದ್ದ ಮೇಲೆ, ಅಂದರೆ ಸಾಮಾನ್ಯವಾಗಿ ಮುಟ್ಟಿಗೆ ಎರಡು ವಾರ ಮುಂಚಿನಿಂದ, ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಹೆಚ್ಚುತ್ತದೆ. ವಿಜ್ಞಾನಿಗಳು ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದುದು ೧೯೩೪ರಲ್ಲಿ. ಇದೂ ಈಸ್ಟ್ರೋಜೆನ್ ಎಂಬ ಮತ್ತೊಂದು ಹಾರ್ಮೋನೂ ಏರಿ, ಮುಟ್ಟಿನ ಮುಂಚೆ ಒಟ್ಟಿಗೆ ಇಳಿಯುವುವು. ಈ ಏರಿಳಿತದಲ್ಲಿ ದೇಹವು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವ ಕ್ರಮ ಬದಲಾಗುತ್ತದೆ. ಕರುಳಿನ ಚಲನೆ ನಿಧಾನವಾಗಿ ಹೊಟ್ಟೆ ಉಬ್ಬರಿಸಬಹುದು. ಕೈಯ ಉಂಗುರ ಬಿಗಿಯಾಗಬಹುದು. ೨೦೨೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೪೨ ಸ್ತ್ರೀಯರನ್ನು ತೂಗಿ ನೋಡಿದಾಗ ಮುಟ್ಟಿನ ದಿನಗಳಲ್ಲಿ ಸರಾಸರಿ ಅರ್ಧ ಕಿಲೋವಿನಷ್ಟು ಏರಿಕೆ ಕಂಡಿತು. ಅದು ಬಹುಮಟ್ಟಿಗೆ ಜೀವಕೋಶಗಳ ಹೊರಗೆ ನಿಂತ ನೀರೇ ಆಗಿತ್ತು. ಇದು ಸರಾಸರಿಯ ಮಾತು. ಕೆಲವರಿಗೆ ಏರಿಕೆಯೇ ಕಾಣದು. ಕೆಲವರಿಗೆ ಒಂದು ಕಿಲೋ, ಎರಡು ಕಿಲೋ ಆಗುವುದೂ ಉಂಟು. ಮುಟ್ಟು ಪ್ರಾರಂಭವಾದ ಕೆಲವೇ ದಿನಗಳಲ್ಲಿ ಬಂದ ನೀರು ಬಂದ ದಾರಿಯಲ್ಲೇ ಹೋಗುತ್ತದೆ. ಹೋಗುವ ರಕ್ತದಿಂದ ಈ ಭಾರ ಇಳಿಯಿತೆಂದು ತಿಳಿಯಬಾರದು. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ರಕ್ತ ೩೦-೪೦ ಮಿಲಿಲೀಟರು ಮಾತ್ರ.

ಏರಿದುದು ಕೊಬ್ಬಲ್ಲವೆಂಬುದಕ್ಕೆ ಪಾಠಶಾಲೆಯ ಗಣಿತವೇ ಸಾಕು. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು ೭,೭೦೦ ಕ್ಯಾಲೊರಿಗಳ ಶಕ್ತಿ ಅಡಗಿರುತ್ತದೆ. ತುಪ್ಪದ ಒಂದು ಗ್ರಾಮಿನಲ್ಲಿರುವುದು ಸುಮಾರು ೯ ಕ್ಯಾಲೊರಿ. ಆದುದರಿಂದ ನಾಲ್ಕು ದಿನಗಳಲ್ಲಿ ಒಂದು ಕಿಲೋ ಕೊಬ್ಬು ಬೆಳೆಯಬೇಕಾದರೆ, ದೇಹಕ್ಕೆ ಬೇಕಾದ ಆಹಾರವನ್ನೆಲ್ಲ ತಿಂದ ಮೇಲೆ ಹೆಚ್ಚಿಗೆಯಾಗಿ ೮೫೦ ಗ್ರಾಂ ತುಪ್ಪವನ್ನು ಆ ನಾಲ್ಕು ದಿನಗಳಲ್ಲಿ ಕುಡಿಯಬೇಕು! ಎರಡು ಹೋಳಿಗೆ ತಿಂದವಳಿಗೂ ಇದು ಸಾಧ್ಯವಿಲ್ಲ; ಊಟ ಬಿಟ್ಟವಳಿಗಂತೂ ಹೇಗೆ ಸಾಧ್ಯ? ಇನ್ನೊಂದು ಲೆಕ್ಕವನ್ನೂ ನೋಡಬೇಕು. ವಿವೇಕದಿಂದ ತೂಕ ಇಳಿಸುವವರು ವಾರಕ್ಕೆ ಅರ್ಧ ಕಿಲೋ ಇಳಿಸಿದರೆ ಅದು ಒಳ್ಳೆಯ ವೇಗ. ಒಂದು ಕಿಲೋ ನೀರು ನಡುವೆ ಬಂದು ನಿಂತರೆ ಎರಡು ವಾರಗಳ ಶ್ರಮವನ್ನು ಅದು ಸಂಪೂರ್ಣವಾಗಿ ಮರೆಮಾಡಬಲ್ಲದು. ಫಲವು ಇಲ್ಲವಾಗಿಲ್ಲ, ಪರದೆಯ ಹಿಂದೆ ಇದೆ. ಅದೇ ನ್ಯಾಯದಿಂದ, ನೀರು ಹೊರಟುಹೋದ ವಾರದಲ್ಲಿ ತಟ್ಟನೆ ಇಳಿಯುವ ಭಾರವನ್ನೂ ಪೂರ್ತಿ ನಂಬಲಾಗದು. ನನ್ನ ಮಗಳು ಆ ಒಂದು ವಾರದಲ್ಲಿ ೧.೪ ಕಿಲೋ ಇಳಿದಂತೆ ಕಂಡಿತು; ಅದರಲ್ಲಿ ಹೆಚ್ಚಿನ ಪಾಲು ನೀರೇ. ಏರಿದಾಗ ಕುಗ್ಗದಿರುವವರು ಇಳಿದಾಗ ಹಿಗ್ಗದಿರುವುದನ್ನೂ ಕಲಿಯಬೇಕು.

ಹಾಗಾದರೆ ನಿಜವಾದ ಇಳಿಕೆಯನ್ನು ತಿಳಿಯುವ ಬಗೆ ಹೇಗೆ? ಇದಕ್ಕೆ ನಮ್ಮ ಗೃಹಸ್ಥರಿಗೆ ಚೆನ್ನಾಗಿ ತಿಳಿದಿರುವ ಒಂದು ದೃಷ್ಟಾಂತವನ್ನು ಹೇಳುತ್ತೇನೆ. ಮಳೆಗಾಲ ಬಂದಿತೆಂದರೆ ಹಳೆಯ ಮೈಸೂರಿನ ಕಡೆ ಪತ್ರಿಕೆ ಬಿಡಿಸಿದೊಡನೆ ಎಲ್ಲರೂ ನೋಡುವುದು ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ ೧೨೪.೮೦ ಅಡಿ, ಇಂದಿನ ಮಟ್ಟ ಇಷ್ಟು, ಅದರ ಕೆಳಗೆ, ಕಳೆದ ವರ್ಷ ಇದೇ ದಿನ ಇಷ್ಟಿತ್ತು ಎಂದು ಅಚ್ಚಾಗಿರುತ್ತದೆ. ಜೂನ್ ತಿಂಗಳ ಮಟ್ಟವನ್ನು ಹಿಂದಿನ ಅಕ್ಟೋಬರಿನ ಮಟ್ಟದೊಡನೆ ಹೋಲಿಸಿ ಅಣೆಕಟ್ಟು ಸೋರುತ್ತಿದೆಯೆಂದು ಯಾವ ರೈತನೂ ಕೂಗುವುದಿಲ್ಲ. ಸಮಾನವಾದ ಕಾಲವನ್ನು ಸಮಾನವಾದ ಕಾಲದೊಡನೆ ಹೋಲಿಸಬೇಕು. ದೇಹಕ್ಕೂ ಇದೇ ನಿಯಮ. ಈ ತಿಂಗಳ ೮ನೆಯ ದಿನವನ್ನು ಹೋದ ತಿಂಗಳ ೮ನೆಯ ದಿನದೊಡನೆ ಹೋಲಿಸತಕ್ಕದ್ದು. ೧ನೆಯ ದಿನವನ್ನು ೧ನೆಯ ದಿನದೊಡನೆ. ನನ್ನ ಮಗಳ ಮುಂದಿನ ಲೆಕ್ಕವನ್ನು ಹೀಗೆ ಜೋಡಿಸಿದಾಗ ೮ನೆಯ ದಿನಗಳು ೭೧.೬, ೭೦.೭, ೬೯.೯ ಎಂದೂ, ೧ನೆಯ ದಿನಗಳು ೭೨.೧, ೭೧.೩, ೭೦.೪ ಎಂದೂ ಬಂದುವು. ಎರಡು ಸಾಲುಗಳೂ ಒಂದೇ ನಡೆಯಲ್ಲಿ ಇಳಿಯುತ್ತಿವೆ. ಅಡ್ಡಡ್ಡವಾಗಿ ಓದಿದಾಗ ನಿರಾಶೆಯನ್ನುಂಟುಮಾಡಿದ ಅಂಕಿಗಳೇ ನೆಟ್ಟಗೆ ಓದಿದಾಗ ಧೈರ್ಯ ಕೊಟ್ಟುವು.

ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮುಟ್ಟು ಪ್ರಾರಂಭವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತುಮಾಡಿ, ಅಲ್ಲಿಂದ ದಿನಗಳನ್ನು ಎಣಿಸಬೇಕು. ತಾರೀಖಿನ ಲೆಕ್ಕ ಉಪಯೋಗಕ್ಕೆ ಬಾರದು. ಏಕೆಂದರೆ ಋತುಚಕ್ರವು ೨೧ರಿಂದ ೩೫ ದಿನಗಳವರೆಗೆ ಒಬ್ಬೊಬ್ಬರಿಗೆ ಒಂದೊಂದು ಬಗೆ. ಏಳನೆಯ ಅಥವಾ ಎಂಟನೆಯ ದಿನ, ಬೆಳಗ್ಗೆ, ಶೌಚವಾದ ಮೇಲೆ, ಕಾಫಿಗೆ ಮುಂಚೆ, ತೆಳುವಾದ ಉಡುಪಿನಲ್ಲಿ ತೂಗಿಕೊಳ್ಳಬೇಕು. ಯಂತ್ರವು ಯಾವಾಗಲೂ ಅದೇ ಗಟ್ಟಿನೆಲದ ಮೇಲಿರಲಿ. ಸೊಂಟದ ಸುತ್ತಳತೆಯನ್ನೂ ಅದೇ ದಿನ ಟೇಪಿನಿಂದ ಅಳೆಯಬಹುದು. ಚಕ್ರವು ಕ್ರಮ ತಪ್ಪಿ ಬರುವವರು ವಾರಕ್ಕೊಮ್ಮೆ ತೂಗಿ, ನಾಲ್ಕು ವಾರಗಳ ಸರಾಸರಿ ತೆಗೆದು, ಹಿಂದಿನ ನಾಲ್ಕು ವಾರಗಳ ಸರಾಸರಿಯೊಡನೆ ಹೋಲಿಸಲಿ. ದಿನದಿನದ ಅಂಕಿಯಿಂದ ಮನಸ್ಸು ಕದಡುವವರು ಮುಟ್ಟಿನ ಹಿಂದುಮುಂದಿನ ವಾರದಲ್ಲಿ ಆ ಯಂತ್ರವನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕುವುದೇ ಉತ್ತಮ.

ಆ ದಿನಗಳ ಆಹಾರದ ವಿಷಯವಾಗಿ ಎರಡು ಮಾತು. ಮುಟ್ಟಿಗೆ ಮುಂಚಿನ ವಾರದಲ್ಲಿ ಅನೇಕರಿಗೆ ಹಸಿವು ಹೆಚ್ಚುತ್ತದೆ, ಸಿಹಿಯ ಕಡೆಗೂ ಕುರುಕಲು ತಿಂಡಿಯ ಕಡೆಗೂ ಮನಸ್ಸು ಹರಿಯುತ್ತದೆ. ಇದು ಚಾಪಲ್ಯವಲ್ಲ, ದೇಹಧರ್ಮ. ಇದಕ್ಕೆ ಉಪವಾಸವು ಉತ್ತರವಲ್ಲ. ಹೊಟ್ಟೆ ತುಂಬಿಸಿ ಕೊಬ್ಬು ಬೆಳೆಸದ ಆಹಾರವೇ ಉತ್ತರ. ಸ್ಥೂಲರಿಗೆ ಕೊಡುವ ಆಹಾರವು ಜೀರ್ಣಕ್ಕೆ ಗುರುವಾಗಿದ್ದು ಪುಷ್ಟಿಯಲ್ಲಿ ಅಲ್ಪವಾಗಿರಬೇಕೆಂದು ಚರಕನು ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ಹೇಳಿರುವುದರ ತಾತ್ಪರ್ಯವೂ ಇದೇ. ಮೊಳಕೆ ಬರಿಸಿದ ಹೆಸರುಕಾಳು, ಹುರುಳಿಯ ಸಾರು, ಸೊಪ್ಪಿನ ಹುಳಿ, ಸಣ್ಣ ರಾಗಿಮುದ್ದೆ, ಮಜ್ಜಿಗೆ, ಇವು ನಮ್ಮ ಅಡಿಗೆಮನೆಗೆ ಹೊಸದಲ್ಲ. ಉಪ್ಪು ನೀರನ್ನು ಹಿಡಿದಿಡುವುದರಿಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಖಾರದ ತಿಂಡಿಗಳನ್ನು ಆ ವಾರ ದೂರವಿಡಬೇಕು. ಒಬ್ಬರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕುಡಿಯುವ ನೀರನ್ನು ಮಾತ್ರ ಕಡಿಮೆಮಾಡಕೂಡದು. ಮೈನೆರೆದ ಹುಡುಗಿಗೆ ಎಳ್ಳು ಬೆಲ್ಲದ ಚಿಗಳಿ ಮಾಡಿಕೊಡುವ ಪದ್ಧತಿ ನಮ್ಮಲ್ಲುಂಟು. ಅಂಥ ಸಣ್ಣ ಚಿಗಳಿಯೊಂದನ್ನು ತಿಂದುದರಿಂದ ಯಾರ ವ್ರತವೂ ಕೆಡದು. ನೋವಿಲ್ಲದಿದ್ದರೆ ಎಂದಿನಂತೆ ನಡೆದಾಡಲಿ, ನೋವಿದ್ದರೆ ವಿಶ್ರಮಿಸಿಕೊಳ್ಳಲಿ.

ಉಪವಾಸವನ್ನು ನಾನು ಇಷ್ಟಾಗಿ ಖಂಡಿಸುವುದಕ್ಕೆ ಬಲವಾದ ಕಾರಣವಿದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನವರಲ್ಲಿ ನೂರಕ್ಕೆ ೨೪ ಮಂದಿಗೆ ಅತಿಭಾರ. ಮೈಯಲ್ಲಿ ಭಾರ ಹೆಚ್ಚಾಗಿ, ರಕ್ತದಲ್ಲಿ ಕಬ್ಬಿಣ ಕಡಿಮೆಯಾಗಿರುವುದು ಒಬ್ಬಳಲ್ಲಿಯೇ ಸಂಭವಿಸಬಹುದು. ನನ್ನ ಮಗಳಲ್ಲಿ ಸಂಭವಿಸಿತ್ತು. ರಕ್ತ ಹೋಗುವ ದಿನಗಳಲ್ಲಿಯೇ ಅನ್ನ ಬಿಡುವುದು, ತಳ ಕಂಡ ತೊಟ್ಟಿಯಿಂದ ಇನ್ನೂ ನೀರು ಮೊಗೆದಂತೆ. ಕಾಳು ಸೊಪ್ಪುಗಳ ಮೇಲೆ ನಿಂಬೆಯ ರಸ ಹಿಂಡಿಕೊಂಡರೆ ಅವುಗಳ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುವುದು. ಊಟದೊಡನೆ ಕುಡಿದ ಕಾಫಿ ಚಹಗಳು ಅದನ್ನು ತಡೆಯುವುವು. ಆದ್ದರಿಂದ ಕಾಫಿಯನ್ನು ಊಟವಾದ ಒಂದು ಗಂಟೆಯ ಮೇಲೆ ಕುಡಿಯಲಿ.

ಈ ನೀರಿನ ಮಾತನ್ನು ನೆಪವಾಗಿ ಹಿಡಿಯಬಾರದೆಂಬುದನ್ನೂ ಹೇಳಬೇಕು. ೮ನೆಯ ದಿನವನ್ನು ೮ನೆಯ ದಿನದೊಡನೆ ಹೋಲಿಸಿ ಮೂರು ತಿಂಗಳು ನೋಡಿದರೂ ಇಳಿಕೆ ಕಾಣದಿದ್ದರೆ ಆಹಾರದ ಲೆಕ್ಕವನ್ನು ಪುನಃ ತೆಗೆದು ನೋಡಬೇಕು. ಮುಟ್ಟು ಮುಗಿದ ಮೇಲೂ ಏರಿದ ಭಾರ ಇಳಿಯದಿದ್ದರೆ, ಕಾಲು ಮುಖಗಳು ಊದಿಕೊಂಡರೆ, ಚಕ್ರವು ೩೫ ದಿನಗಳನ್ನು ಪದೇ ಪದೇ ಮೀರಿದರೆ, ರಕ್ತಸ್ರಾವ ವಿಪರೀತವಾದರೆ ವೈದ್ಯರಿಗೆ ತೋರಿಸತಕ್ಕದ್ದು. ಥೈರಾಯಿಡ್ ಮೊದಲಾದ ಕಾರಣಗಳು ಇದ್ದಾವು. ಆಹಾರ ತಗ್ಗಿಸಿದವಳಿಗೆ ಮುಟ್ಟೇ ನಿಂತುಹೋದರೆ ಅದನ್ನು ಜಯವೆಂದು ತಿಳಿಯಬಾರದು. ಗರ್ಭವಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ದೇಹವು ಸಾಕೆಂದು ಕೂಗುತ್ತಿದೆಯೆಂದು ತಿಳಿಯಬೇಕು. ನೀರು ಇಳಿಸುವ ಮಾತ್ರೆಗಳನ್ನು ವೈದ್ಯರ ಮಾತಿಲ್ಲದೆ ನುಂಗುವುದು ಅಪಾಯ. ಮದುವೆ, ಪೂಜೆ, ಯಾತ್ರೆಗಳಿಗಾಗಿ ಮುಟ್ಟನ್ನು ಮುಂದೂಡುವ ಮಾತ್ರೆಗಳನ್ನು ನಮ್ಮ ಮನೆಗಳಲ್ಲಿ ಸಲೀಸಾಗಿ ತರಿಸುತ್ತಾರೆ. ಅವೂ ಹಾರ್ಮೋನುಗಳೇ; ಅವುಗಳಿಂದಲೂ ಮೈ ಉಬ್ಬರಿಸಬಹುದು, ಕೆಲವರಿಗೆ ಅವು ವರ್ಜ್ಯ. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ತೆಗೆದುಕೊಂಡ ತಿಂಗಳ ತೂಕವನ್ನು ಲೆಕ್ಕಕ್ಕೂ ಸೇರಿಸಬಾರದು.

ಕೊನೆಯದಾಗಿ ಮನೆಯ ಯಜಮಾನರಿಗೆ ಒಂದು ಬಿನ್ನಹ. ನಾವು ಅಣೆಕಟ್ಟಿನ ಮಟ್ಟವನ್ನು ಬಲ್ಲೆವು, ಚಿನ್ನದ ಬೆಲೆಯ ಏರಿಳಿತವನ್ನು ಬಲ್ಲೆವು. ನಮ್ಮ ಮನೆಯಲ್ಲಿಯೇ ತಿಂಗಳು ತಿಂಗಳು ನಡೆಯುವ ಏರಿಳಿತವನ್ನು ಅರಿಯದೆ ಇರುವುದು ಲಜ್ಜೆಯ ಹೆಸರಿನಲ್ಲಿ ಬೆಳೆದ ಅಜ್ಞಾನ. ಅಳಿಯನಿಗೆ ನಾನು ಈ ವಿಷಯವನ್ನೆಲ್ಲ ಅಂಕಿಗಳ ಸಮೇತ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ಮಾವ” ಎಂದನು. ನಿಜ, ಗಂಡುಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಈಗ ಆ ಮನೆಯಲ್ಲಿ ಕೆಂಪು ಚುಕ್ಕೆಯ ವಾರ ಬಂದರೆ ತೂಕದ ಮಾತನ್ನು ಯಾರೂ ಎತ್ತುವುದಿಲ್ಲ; ರಾತ್ರಿಯ ಅಡಿಗೆಯನ್ನು ಅವನೇ ಮಾಡುತ್ತಾನೆ, ಉಪ್ಪನ್ನು ಒಂದು ಚಿಟಿಕೆ ಕಡಿಮೆ ಹಾಕುತ್ತಾನೆ. ಮಗಳಿಗೆ ಇನ್ನೂ ನಾಲ್ಕು ಕಿಲೋ ಇಳಿಯಬೇಕಾಗಿದೆ. ನಾಲ್ಕನೆಯ ವಾರವನ್ನು ಅವಳು ಈಗ ಐದು ಸಲ ದಾಟಿದ್ದಾಳೆ.